ಡಿಗ್‌ಗೆ ಸಿಕ್ಕ ಹೆಸರು ಪಿಂಗ್‌ಗೆ ಯಾಕೆ ಸಿಗಲಿಲ್ಲ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಫೋನ್ ಬಂತು. ನಾನು ಕಂಪ್ಯೂಟರ್ ನೋಡಿಕೊಳ್ಳುವ ಆಫೀಸುಗಳಲ್ಲಿ ಒಂದರಿಂದ. "ಸಾರ್, ನೆಟ್ ಇಲ್ಲ." ವಾಟ್ಸ್‌ಆ್ಯಪ್ ವೆಬ್ ನಡೀತಿದೆಯಾ ಅಂತ ಕೇಳಿದೆ. "ಅದು ನಡೀತಿದೆ, ಬೇರೆ ಯಾವುದೂ ತೆರೀತಿಲ್ಲ." ಅಲ್ಲಿಗೆ ಅರ್ಧ ರೋಗ ಗೊತ್ತಾದ ಹಾಗೆ. ನೆಟ್ ಇದೆ, ಹೆಸರು ಹೇಳುವವರಿಲ್ಲ. ವಾಟ್ಸ್‌ಆ್ಯಪ್ ಬೆಳಿಗ್ಗೆಯೇ ಕಟ್ಟಿಕೊಂಡ ಸಂಪರ್ಕದ ಮೇಲೆ ಓಡುತ್ತಿತ್ತು. ಅದಕ್ಕೆ ಮತ್ತೆ ವಿಳಾಸ ಕೇಳುವ ಕೆಲಸವಿರಲಿಲ್ಲ. ಹೊಸದಾಗಿ ಹೊರಟವರು ಮಾತ್ರ ಹೊಸಿಲಲ್ಲೇ ನಿಂತಿದ್ದರು.

ಫೋನಿನಲ್ಲೇ ಎರಡು ಆಜ್ಞೆ ಹೊಡೆಸಿದೆ. ಈ ಲೇಖನದಲ್ಲಿ ಆಜ್ಞೆಗಳನ್ನು ಹಾಗೆ ಫೋನಿನಲ್ಲಿ ಹೇಳುವಂತೆಯೇ ಕನ್ನಡದಲ್ಲಿ ಬರೆದಿದ್ದೇನೆ; ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಬೇಕು. ಮೊದಲನೆಯದು ಪಿಂಗ್ 8.8.8.8. ಅದು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಸರ್ವರಿನ ವಿಳಾಸ, ನೆನಪಿಡಲು ಸುಲಭ ಅನ್ನುವ ಒಂದೇ ಕಾರಣಕ್ಕೆ ನಮ್ಮಂಥವರಿಗೆಲ್ಲ ಬಾಯಿಪಾಠ. ಉತ್ತರ ಬಂತು. ಅಂದರೆ ವೈರು, ಸ್ವಿಚ್ಚು, ರೂಟರ್, ಹೊರಗಿನ ಲೈನು ಎಲ್ಲ ನೆಟ್ಟಗಿದೆ. ಎರಡನೆಯದು ಪಿಂಗ್ ಜೊತೆಗೆ ಯಾವುದಾದರೂ ಒಂದು ವೆಬ್‌ಸೈಟಿನ ಹೆಸರು. ಅದಕ್ಕೆ ಬಂದದ್ದು "ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್".

ಈ ವಾಕ್ಯವನ್ನು ಪೂರ್ತಿ ಓದಿಸಿಕೊಳ್ಳುವುದು ನನ್ನ ಹಟ. "ಏನೋ ಎರರ್ ಬಂತು ಸಾರ್" ಅಂದರೆ ಒಪ್ಪುವುದಿಲ್ಲ. ಯಾಕೆಂದರೆ ಲಿನಕ್ಸ್‌ನಲ್ಲಿ ಇದಕ್ಕೆ ಒಬ್ಬ ದಾಯಾದಿ ಇದ್ದಾನೆ: "ನೇಮ್ ಆರ್ ಸರ್ವಿಸ್ ನಾಟ್ ನೋನ್". ಎರಡರಲ್ಲೂ ಪುಟ ತೆರೆಯುವುದಿಲ್ಲ, ಆದರೆ ಅರ್ಥ ಬೇರೆ. ಮೊದಲನೆಯದು, ಬಾಗಿಲು ತಟ್ಟಿದೆ, ಸರಿಯಾಗಿ ಉತ್ತರ ಹೇಳುವವರು ಯಾರೂ ಸಿಗಲಿಲ್ಲ. ಎರಡನೆಯದು, ಬಾಗಿಲು ತೆಗೆದರು, ಅಂಥ ಹೆಸರಿನವರು ಇಲ್ಲಿಲ್ಲ ಅಂದರು. ಮೊದಲನೆಯದಕ್ಕೆ ಸರ್ವರ್ ಹುಡುಕಿಕೊಂಡು ಹೋಗಬೇಕು, ಎರಡನೆಯದಕ್ಕೆ ಹೆಸರಿನ ಕಾಗುಣಿತ ನೋಡಬೇಕು ಅಥವಾ ಕೇಳಿದ ಮನೆಯೇ ತಪ್ಪಾ ಅಂತ ನೋಡಬೇಕು. ವಿಂಡೋಸ್‌ನ ಪಿಂಗ್ ಈ ವ್ಯತ್ಯಾಸ ಮಾಡುವುದಿಲ್ಲ, ಎರಡಕ್ಕೂ ಹೋಸ್ಟ್ ಸಿಗಲಿಲ್ಲ ಎಂಬ ಒಂದೇ ರಾಗ.

ಅವತ್ತು ಬಾಗಿಲು ತೆಗೆಯದವರು ಆಫೀಸಿನ ಮೂಲೆಯ ಒಂದು ಹಳೆಯ ಸಿಪಿಯು. ಡಿಎನ್‌ಎಸ್‌ಮಾಸ್ಕ್ ಎಂಬ ಸಣ್ಣ ತಂತ್ರಾಂಶ ಹಾಕಿ ಅದನ್ನೇ ಆ ಆಫೀಸಿನ ಹೆಸರು ಹೇಳುವ ಯಂತ್ರವಾಗಿ ಮಾಡಿದ್ದೆ, ವಿಳಾಸ 192.168.1.10. ಯಾರೋ ಮೊಬೈಲ್ ಚಾರ್ಜಿಗೆ ಹಾಕಲು ಅದರ ಪ್ಲಗ್ ಕಿತ್ತಿದ್ದರು. ಮಾನಿಟರ್ ಇಲ್ಲದ ಸಿಪಿಯು ಕೆಲಸ ಮಾಡುತ್ತಿದೆ ಎಂದು ಯಾರೂ ನಂಬುವುದಿಲ್ಲ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮತ್ತೆ ಹೀಗಾಗಬಾರದು ಅಂತ ಆಫೀಸಿನ ಒಬ್ಬ ಜಾಣರು ಎಲ್ಲ ಯಂತ್ರಗಳ ಡಿಎನ್‌ಎಸ್ ಪಟ್ಟಿಯಲ್ಲಿ ಮೊದಲಿಗೆ 8.8.8.8 ಹಾಕಿದರು, ಎರಡನೆಯದಾಗಿ ನಮ್ಮ 192.168.1.10. ಒಂದರಲ್ಲಿ ಇಲ್ಲದಿದ್ದರೆ ಇನ್ನೊಂದರಲ್ಲಿ ಸಿಗುತ್ತದೆ ಎಂಬ ಲೆಕ್ಕ. ಮರುದಿನ ಹೊರಗಿನ ಸೈಟುಗಳೆಲ್ಲ ಸರಾಗ, ಆಫೀಸಿನ ಒಳಗಿನ ಅಕೌಂಟ್ಸ್ ಸರ್ವರ್ ಮಾತ್ರ ನಾಪತ್ತೆ. ಅದರ ಹೆಸರು ಲೆಕ್ಕ.ಲೋಕಲ್. ಹಾಗೆ ಹೆಸರಿಟ್ಟವನು ನಾನೇ, ಅದರ ಪಾಪ ಮುಂದೆ ಬರುತ್ತದೆ.

ಈ ತಪ್ಪು ತಿಳಿವಳಿಕೆ ಎಷ್ಟು ವ್ಯಾಪಕವೆಂದರೆ ಬಲ್ಲವರೂ ಇದರಲ್ಲಿ ಜಾರುತ್ತಾರೆ. ಪಟ್ಟಿಯ ಎರಡನೆಯ ಸರ್ವರ್ ಇರುವುದು ಮೊದಲನೆಯದು ಮಾತಾಡದೆ ಇದ್ದಾಗ ಕೇಳಲಿಕ್ಕೆ. ಮೊದಲನೆಯದು "ಅಂಥ ಹೆಸರಿಲ್ಲ" ಎಂದರೆ ಅದು ಉತ್ತರವೇ. ಅಲ್ಲಿಗೆ ಹುಡುಕಾಟ ಮುಗಿಯಿತು. ಗೂಗಲ್‌ಗೆ ನಮ್ಮ ಆಫೀಸಿನ ಲೆಕ್ಕದ ಯಂತ್ರ ಹೇಗೆ ಗೊತ್ತಿರಬೇಕು? ಅದು ಪ್ರಾಮಾಣಿಕವಾಗಿ ಇಲ್ಲ ಅಂದಿತು, ವಿಂಡೋಸ್ ಪ್ರಾಮಾಣಿಕವಾಗಿ ನಂಬಿತು. ಪಟ್ಟಿಯಲ್ಲಿರುವ ಸರ್ವರುಗಳೆಲ್ಲ ಒಂದೇ ಪ್ರಶ್ನೆಗೆ ಒಂದೇ ಉತ್ತರ ಕೊಡುವಂತಿರಬೇಕು. ಒಳಗಿನ ಹೆಸರು ಬಲ್ಲವನನ್ನೂ ಹೊರಗಿನವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಯಾವತ್ತಾದರೂ ಒಂದು ದಿನ ಕೈಕೊಡುತ್ತದೆ. ತಿರುವುಮುರುವು ಮಾಡಿ, ನಮ್ಮದನ್ನು ಮೊದಲಿಟ್ಟರೂ ಪೂರ್ತಿ ನೆಮ್ಮದಿ ಇಲ್ಲ: ಇವತ್ತಿನ ಕೆಲವು ವ್ಯವಸ್ಥೆಗಳು ಒಮ್ಮೆ ಎರಡನೆಯದಕ್ಕೆ ದಾಟಿದರೆ, ಅದು ಸರಿಯಾಗಿ ಉತ್ತರಿಸುತ್ತಿರುವಷ್ಟು ಕಾಲ ಅಲ್ಲೇ ಬೀಡುಬಿಡುತ್ತವೆ.

ಲಿನಕ್ಸ್‌ನಲ್ಲಿ ಈ ಪಟ್ಟಿ ಇರುವ ಕಡತ ರಿಸಾಲ್ವ್.ಕಾನ್ಫ್, ಇಟಿಸಿ ಎಂಬ ಕೋಶದಲ್ಲಿದೆ. ಮೂರಕ್ಕಿಂತ ಹೆಚ್ಚು ಸರ್ವರ್ ಬರೆದರೆ ನಾಲ್ಕನೆಯದನ್ನು ಅದು ತಿರುಗಿಯೂ ನೋಡುವುದಿಲ್ಲ. ಒಬ್ಬೊಬ್ಬರಿಗೂ 5 ಸೆಕೆಂಡು ಕಾಯುತ್ತದೆ, ಪಟ್ಟಿಯನ್ನು 2 ಸುತ್ತು ಹಾಕುತ್ತದೆ. ಇದು ಗೊತ್ತಿದ್ದರೆ ಗಡಿಯಾರವೇ ಒಂದು ಉಪಕರಣ. ಪ್ರತಿ ಸೈಟೂ ಸರಿಯಾಗಿ ಐದು ಸೆಕೆಂಡು ತಡೆದು ತೆರೆಯುತ್ತಿದೆ ಎಂದರೆ ಮೊದಲನೆಯ ಸರ್ವರ್ ಸತ್ತಿದೆ, ಎರಡನೆಯದು ದುಡಿಯುತ್ತಿದೆ. ಬೇರೊಂದು ಯಂತ್ರಕ್ಕೆ ಎಸ್‌ಎಸ್‌ಎಚ್ ಮಾಡಿದಾಗ ಪಾಸ್‌ವರ್ಡ್ ಕೇಳುವ ಮೊದಲು ಹೀಗೇ ಲೆಕ್ಕ ಹಾಕಿದಂತೆ ತಡೆದರೆ, ಆ ಕಡೆಯ ಯಂತ್ರ ನಿಮ್ಮ ಅಂಕಿಯಿಂದ ನಿಮ್ಮ ಹೆಸರು ಹುಡುಕುತ್ತ ಕೂತಿರಬಹುದು. ಅಂಥ ಉಲ್ಟಾ ಹುಡುಕಾಟವನ್ನು ಓಪನ್‌ಎಸ್‌ಎಸ್‌ಎಚ್ 2015ರಿಂದಲೇ ತಾನಾಗಿ ಮಾಡುವುದನ್ನು ಬಿಟ್ಟಿದೆ, ಹಳೆಯ ಸರ್ವರುಗಳು ಬಿಟ್ಟಿಲ್ಲ.

ರಿಸಾಲ್ವ್.ಕಾನ್ಫ್ ತೆರೆದರೆ ಒಳಗೆ 127.0.0.53 ಎಂದಷ್ಟೇ ಇದ್ದರೆ ಗಾಬರಿ ಬೇಡ. ಉಬುಂಟುವಿನಂಥವುಗಳಲ್ಲಿ ಸಿಸ್ಟಂಡಿ-ರಿಸಾಲ್ವ್‌ಡಿ ಎಂಬ ದಲ್ಲಾಳಿ ನಿಮ್ಮ ಯಂತ್ರದೊಳಗೇ ಕೂತಿರುತ್ತಾನೆ, ಅವನ ವಿಳಾಸ ಅದು. ಅವನು ಯಾರನ್ನು ಕೇಳುತ್ತಿದ್ದಾನೆ ಎಂದು ತಿಳಿಯಲು ರಿಸಾಲ್ವ್‌ಸಿಟಿಎಲ್ ಸ್ಟೇಟಸ್ ಎಂದು ಹೊಡೆಯಿರಿ. ಇನ್ನೊಂದು: ಈ ಕಡತವನ್ನು ಕೈಯಾರೆ ತಿದ್ದಿ, ರಾತ್ರಿ ಮನೆಗೆ ಹೋಗಿ, ಬೆಳಿಗ್ಗೆ ನೋಡಿದರೆ ಹಳೆಯದೇ ಇರುತ್ತದೆ. ಕಡತದ ತಲೆಯಲ್ಲಿ ಇದನ್ನು ನೆಟ್‌ವರ್ಕ್‌ಮ್ಯಾನೇಜರ್ ಬರೆದಿದೆ ಎಂಬ ಸಾಲು ಇದ್ದರೆ, ತಿದ್ದಬೇಕಾದದ್ದು ಆ ಮ್ಯಾನೇಜರನನ್ನು, ಅವನ ಬರಹವನ್ನಲ್ಲ. ಕಡತಕ್ಕೆ ಬೀಗ ಜಡಿಯುವ ಉಪಾಯವನ್ನೂ ಕೆಲವರು ಮಾಡುತ್ತಾರೆ. ಲ್ಯಾಪ್‌ಟಾಪ್ ಹಿಡಿದು ಬೇರೆ ಊರಿನ ಹೋಟೆಲಿಗೆ ಹೋದಾಗ ಅದರ ಫಲ ಉಣ್ಣುತ್ತಾರೆ.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಅದೇ ಆಫೀಸಿನಲ್ಲಿ ಒಂದು ಹೊಸ ಯಂತ್ರಕ್ಕೆ ಡೆಬಿಯನ್ ಹಾಕಿಕೊಟ್ಟೆ. ಹೊರಗಿನ ಜಗತ್ತೆಲ್ಲ ಬಂತು, ಲೆಕ್ಕ.ಲೋಕಲ್ ಮಾತ್ರ ಬರಲಿಲ್ಲ. ಪಕ್ಕದ ವಿಂಡೋಸ್ ಯಂತ್ರಗಳಲ್ಲಿ ಬರುತ್ತಿತ್ತು. ಡಿಗ್ ಲೆಕ್ಕ.ಲೋಕಲ್ ಎಂದು ಹೊಡೆದರೆ ತಕ್ಷಣ 192.168.1.20 ಎಂಬ ಸರಿಯಾದ ಉತ್ತರ. ಪಿಂಗ್ ಲೆಕ್ಕ.ಲೋಕಲ್ ಎಂದರೆ ಕೆಲವು ಸೆಕೆಂಡು ಯೋಚಿಸಿ, "ನೇಮ್ ಆರ್ ಸರ್ವಿಸ್ ನಾಟ್ ನೋನ್". ಒಂದೇ ಯಂತ್ರ, ಒಂದೇ ಹೆಸರು, ಎರಡು ಉತ್ತರ. ಒಂದು ಗಂಟೆ ಕೇಬಲ್ಲು ಬದಲಿಸುವಂಥ ದಡ್ಡತನವನ್ನೂ ಮಾಡಿದೆ ಅಂತ ಒಪ್ಪಿಕೊಳ್ಳುತ್ತೇನೆ.

ಕಾರಣ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅರ್ಪಾನೆಟ್ ಕಾಲದಲ್ಲಿ ಡಿಎನ್‌ಎಸ್ಸೇ ಇರಲಿಲ್ಲ. ಯಂತ್ರಗಳ ಹೆಸರು, ಅಂಕಿ ಎಲ್ಲ ಒಂದೇ ಕಡತದಲ್ಲಿತ್ತು, ಹೋಸ್ಟ್ಸ್.ಟಿಎಕ್ಸ್‌ಟಿ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಎಲಿಜಬೆತ್ ಫೀನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಉಳಿದವರು ಆಗಾಗ ಅದರ ಪ್ರತಿ ಇಳಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದ ಮೇಲೆ ಒಬ್ಬರ ಕೈಯಲ್ಲಿ ಊರಿನ ಪಟ್ಟಿ ಇಡುವುದು ಆಗದೆ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಹಂಚಿಕೊಂಡು ನಡೆಸುವ ಡಿಎನ್‌ಎಸ್ ರೂಪಿಸಿದರು. ಹಳೆಯ ಕಡತ ಮಾತ್ರ ಸಾಯಲಿಲ್ಲ. ಇಟಿಸಿ ಕೋಶದಲ್ಲಿ ಹೋಸ್ಟ್ಸ್ ಎಂಬ ಹೆಸರಿನಿಂದ ಇವತ್ತಿಗೂ ನಿಮ್ಮ ಯಂತ್ರದಲ್ಲಿದೆ, ವಿಂಡೋಸ್‌ನಲ್ಲೂ ಇದೆ. ಸಾಮಾನ್ಯವಾಗಿ ಡಿಎನ್‌ಎಸ್‌ಗಿಂತ ಮೊದಲು ಅದನ್ನೇ ಕೇಳುವುದು.

ಅಂದರೆ ಹೆಸರು ಹುಡುಕಲು ಒಂದೇ ದಾರಿ ಇಲ್ಲ. ಹೋಸ್ಟ್ಸ್ ಕಡತ, ಡಿಎನ್‌ಎಸ್, ಅಕ್ಕಪಕ್ಕದ ಯಂತ್ರಗಳನ್ನೇ ಕೂಗಿ ಕೇಳುವ ಮಲ್ಟಿಕಾಸ್ಟ್ ಡಿಎನ್‌ಎಸ್, ಹೀಗೆ ಹಲವು. ಯಾವುದನ್ನು ಯಾವ ಸರದಿಯಲ್ಲಿ ಕೇಳಬೇಕೆಂದು ಲಿನಕ್ಸ್‌ನಲ್ಲಿ ಎನ್‌ಎಸ್‌ಸ್ವಿಚ್.ಕಾನ್ಫ್ ಎಂಬ ಕಡತದ ಹೋಸ್ಟ್ಸ್ ಸಾಲು ಹೇಳುತ್ತದೆ. ಪಿಂಗ್, ಎಸ್‌ಎಸ್‌ಎಚ್, ಮೇಲ್ ತಂತ್ರಾಂಶ ಎಲ್ಲ ಆ ಸಾಲಿನಂತೆ ನಡೆಯುತ್ತವೆ. ಡಿಗ್ ಮತ್ತು ಎನ್‌ಎಸ್‌ಲುಕಪ್ ಅದರತ್ತ ನೋಡುವುದಿಲ್ಲ, ನೇರ ಡಿಎನ್‌ಎಸ್ ಸರ್ವರಿಗೇ ಹೋಗುತ್ತವೆ. ಡಿಗ್ ಅನ್ನುವುದು ಸರ್ವರಿನ ನಾಡಿ ನೋಡುವ ವೈದ್ಯ, ನಿಮ್ಮ ಯಂತ್ರದ್ದಲ್ಲ. ನಿಮ್ಮ ಯಂತ್ರಕ್ಕೆ ಏನು ಕಾಣುತ್ತಿದೆ ಎಂದು ತಿಳಿಯಬೇಕಾದರೆ ಗೆಟೆಂಟ್ ಹೋಸ್ಟ್ಸ್ ಎಂದು ಹೊಡೆದು ಹೆಸರು ಕೊಡಬೇಕು. ಅದು ಪಿಂಗ್ ನಡೆದ ದಾರಿಯಲ್ಲೇ ನಡೆಯುತ್ತದೆ. ವಿಂಡೋಸ್‌ನಲ್ಲಿ ಪವರ್‌ಶೆಲ್‌ನ ರಿಸಾಲ್ವ್-ಡಿಎನ್‌ಎಸ್‌ನೇಮ್ ಹೆಚ್ಚುಕಡಿಮೆ ಅದೇ ಕೆಲಸಕ್ಕೆ. ಪರೀಕ್ಷೆ ಮಾಡುವ ಉಪಕರಣವೂ ಕೆಟ್ಟಿರುವ ತಂತ್ರಾಂಶವೂ ಒಂದೇ ದಾರಿಯಲ್ಲಿ ಹೋಗುತ್ತಿವೆಯಾ ಎಂದು ಕೇಳಿಕೊಳ್ಳದೆ ಹೊರಟದ್ದೇ ನನ್ನ ಆ ಒಂದು ಗಂಟೆ ಹಾಳಾದದ್ದಕ್ಕೆ ಕಾರಣ.

ಆ ಡೆಬಿಯನ್ ಯಂತ್ರದ ಹೋಸ್ಟ್ಸ್ ಸಾಲು ಹೀಗಿತ್ತು: ಮೊದಲು ಫೈಲ್ಸ್, ಆಮೇಲೆ ಎಂಡಿಎನ್‌ಎಸ್4 ಮಿನಿಮಲ್, ಅದರ ಪಕ್ಕ ಚೌಕ ಆವರಣದಲ್ಲಿ ನಾಟ್‌ಫೌಂಡ್ ಈಕ್ವಲ್ಸ್ ರಿಟರ್ನ್, ಕೊನೆಗೆ ಡಿಎನ್‌ಎಸ್. ಈ ಚೌಕ ಆವರಣವೇ ಕಳ್ಳ. ಲೋಕಲ್ ಎಂದು ಮುಗಿಯುವ ಹೆಸರನ್ನು ಮಲ್ಟಿಕಾಸ್ಟ್‌ನಲ್ಲಿ ಕೂಗಿ ಕೇಳು, ಯಾರೂ ಓಗೊಡದಿದ್ದರೆ ಅಲ್ಲಿಂದಲೇ ವಾಪಸು ಬಾ, ಡಿಎನ್‌ಎಸ್ ತನಕ ಹೋಗಬೇಡ ಎಂದು ಅದರ ಅರ್ಥ. ಅದು ಸರಿಯೂ ಹೌದು, ಯಾಕೆಂದರೆ ಲೋಕಲ್ ಎಂಬ ಬಾಲ ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆಂದೇ ಮೀಸಲು. 2013ರ ಆರ್‌ಎಫ್‌ಸಿ 6762 ಅದನ್ನು ಬರೆದಿಟ್ಟಿದೆ. ನಮ್ಮ ಲೆಕ್ಕದ ಯಂತ್ರ ಮಲ್ಟಿಕಾಸ್ಟ್ ಮಾತಾಡುವುದಿಲ್ಲ, ಅದರ ಹೆಸರು ಬಲ್ಲದ್ದು ಡಿಎನ್‌ಎಸ್‌ಮಾಸ್ಕ್ ಮಾತ್ರ. ಟಿಸಿಪಿಡಂಪ್ ಹಾಕಿ 53ನೇ ಪೋರ್ಟಿನತ್ತ ಕಿವಿಗೊಟ್ಟು, ಪಕ್ಕದ ಕಿಟಕಿಯಲ್ಲಿ ಪಿಂಗ್ ಹೊಡೆದೆ. 53ರಲ್ಲಿ ಒಂದು ಪೊಟ್ಟಣವೂ ಹೊರಡಲಿಲ್ಲ. ಪೋರ್ಟ್ 5353 ಎಂದು ಬದಲಿಸಿದೆ: ಅಲ್ಲಿ ಲೆಕ್ಕ.ಲೋಕಲ್ ಯಾರು, ಲೆಕ್ಕ.ಲೋಕಲ್ ಯಾರು ಎಂಬ ಕೂಗು ಸಾಲುಸಾಲಾಗಿ ಕಂಡಿತು. ತಪ್ಪು ಬೀದಿಯಲ್ಲಿ ನಿಂತು ಕೂಗುತ್ತಿತ್ತು ಪಾಪ.

ಆ ಚೌಕ ಆವರಣ ಅಳಿಸಿದರೆ ಕೆಲಸ ಆಗುತ್ತದೆ. ನಾನು ಹೆಸರನ್ನೇ ಬದಲಿಸಿದೆ. ಒಳಗಿನ ಜಾಲಕ್ಕೆ ಹೆಸರಿಡುವವರು ಲೋಕಲ್ ಬಿಟ್ಟು, ಮನೆಗಾದರೆ ಹೋಮ್.ಅರ್ಪಾ, ಆಫೀಸಿಗಾದರೆ ಇಂಟರ್ನಲ್ ಎಂಬ ಬಾಲ ಇಟ್ಟುಕೊಳ್ಳುವುದು ಕ್ಷೇಮ. ಎರಡನೆಯದನ್ನು ಖಾಸಗಿ ಬಳಕೆಗೆಂದು ಐಕ್ಯಾನ್ 2024ರಲ್ಲಿ ಮೀಸಲಿಟ್ಟಿದೆ.

ಡಿಗ್ ಒಂದು ಹೇಳಿ ಪಿಂಗ್ ಇನ್ನೊಂದು ಹೇಳುವುದಕ್ಕೆ ಇದಕ್ಕಿಂತ ಸಾಮಾನ್ಯವಾದ ಕಾರಣವೆಂದರೆ ಹೋಸ್ಟ್ಸ್ ಕಡತದಲ್ಲಿ ಯಾರೋ ಯಾವತ್ತೋ ಬರೆದು ಮರೆತ ಸಾಲು. ಸರ್ವರ್ ಬದಲಾಗಿ ವರ್ಷವಾದರೂ ಆ ಒಂದು ಯಂತ್ರ ಹಳೆಯ ಅಂಕಿಗೇ ಹೋಗುತ್ತಿರುತ್ತದೆ. ಬರೆಯುವಾಗಲೂ ಎರಡು ಹಳ್ಳಗಳಿವೆ. ವಿಂಡೋಸ್‌ನಲ್ಲಿ ನೋಟ್‌ಪ್ಯಾಡ್ ಆ ಕಡತವನ್ನು ಸದ್ದಿಲ್ಲದೆ ಹೋಸ್ಟ್ಸ್.ಟಿಎಕ್ಸ್‌ಟಿ ಎಂದು ಉಳಿಸುತ್ತದೆ, ಬಾಲ ಅಡಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಇನ್ನೊಂದು, ಮೆಸೇಜಿನಲ್ಲಿ ಬಂದ ಸಾಲನ್ನು ನಕಲು ಮಾಡಿ ಅಂಟಿಸುವಾಗ ಕಣ್ಣಿಗೆ ಕಾಣದ ಅಕ್ಷರವೊಂದು ಹೆಸರಿನ ಹೊಟ್ಟೆಯೊಳಗೆ ಸೇರಿಬಿಡುವುದು. ಲಿನಕ್ಸ್‌ನಲ್ಲಿ ಕ್ಯಾಟ್‌ಗೆ ಒಂದು ಅಡ್ಡಗೆರೆ, ದೊಡ್ಡ ಎ ಸೇರಿಸಿ ಕಡತ ತೋರಿಸಿದರೆ ಅಂಥ ಅಕ್ಷರ ಎಂ, ಬಿ, ಟೋಪಿ ಚಿಹ್ನೆಗಳಾಗಿ ಬಯಲಿಗೆ ಬರುತ್ತದೆ.

ಕನ್ನಡದಲ್ಲಿ ಹೆಸರಿಟ್ಟ ತಾಣಗಳಿಗೆ ಈ ಎರಡನೆಯ ಹಳ್ಳ ಇನ್ನೂ ಆಳ. ಡಾಟ್ ಭಾರತ ಎಂಬ ಬಾಲ ಕನ್ನಡ ಲಿಪಿಯಲ್ಲೂ ಇದೆ. ಆದರೆ ಡಿಎನ್‌ಎಸ್‌ನೊಳಗೆ ಕನ್ನಡ ಕನ್ನಡವಾಗಿ ಓಡಾಡುವುದಿಲ್ಲ. ಎಕ್ಸ್, ಎನ್, ಎರಡು ಅಡ್ಡಗೆರೆಯಿಂದ ಶುರುವಾಗುವ ಇಂಗ್ಲಿಷ್ ಅಕ್ಷರಗಳ ವೇಷ ಹಾಕಿಕೊಳ್ಳುತ್ತದೆ. "ಸಾಫ್ಟ್‌ವೇರ್" ಎಂದು ಬರೆಯುವಾಗ ಫ್ಟ್ ಪಕ್ಕ ಒತ್ತಕ್ಷರ ಕೂರದ ಹಾಗೆ ನಾವು ಒಂದು ಕಾಣದ ಅಕ್ಷರ ಇಡುತ್ತೇವಲ್ಲ, ಅದನ್ನು ಕೆಲವು ತಂತ್ರಾಂಶ ಕಿತ್ತೆಸೆದು ವೇಷ ಕಟ್ಟುತ್ತವೆ, ಕೆಲವು ಉಳಿಸಿಕೊಂಡು ಕಟ್ಟುತ್ತವೆ. ವೇಷ ಎರಡಾದರೆ ಹೆಸರೂ ಎರಡು. ಕನ್ನಡದ ತಾಣ ಒಂದು ಬ್ರೌಸರಿನಲ್ಲಿ ಬಂದು ಇನ್ನೊಂದರಲ್ಲಿ ಬರದಿದ್ದರೆ ಮೊದಲು ಹೋಲಿಸಬೇಕಾದದ್ದು ಈ ಎಕ್ಸ್‌ಎನ್ ರೂಪಗಳನ್ನು.

ಬ್ರೌಸರ್ ಎಂದಾಗ ನೆನಪಾಯಿತು: ಈಚೆಗೆ ಅವು ನಿಮ್ಮ ಯಂತ್ರದ ಪಟ್ಟಿಯನ್ನು ಕೇಳದೆ, ಎಚ್‌ಟಿಟಿಪಿಎಸ್ ಒಳಗೆ ಬಚ್ಚಿಟ್ಟುಕೊಂಡು ತಮಗೆ ಬೇಕಾದ ಡಿಎನ್‌ಎಸ್ ಸೇವೆಯನ್ನೇ ಕೇಳಬಲ್ಲವು. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯೂರ್ ಡಿಎನ್‌ಎಸ್ ಎಂದು ಹುಡುಕಿ. ಗೆಟೆಂಟ್‌ಗೆ ಸಿಕ್ಕಿದ ಒಳಗಿನ ಹೆಸರು ಫೈರ್‌ಫಾಕ್ಸ್‌ಗೆ ಸಿಗದಿದ್ದರೆ ಅನುಮಾನ ಅದರ ಮೇಲೆ.

ಇನ್ನು ಡಿಗ್‌ನ ಉತ್ತರ ಓದುವ ವಿಚಾರ. ಸ್ಟೇಟಸ್ ಎಂಬಲ್ಲಿ ಎನ್‌ಎಕ್ಸ್‌ಡೊಮೈನ್ ಎಂದಿದ್ದರೆ ಹೆಸರೇ ಇಲ್ಲ. ನೋಎರರ್ ಎಂದಿದ್ದು ಆನ್ಸರ್ ಸೊನ್ನೆ ಇದ್ದರೆ ಹೆಸರಿದೆ, ನೀವು ಕೇಳಿದ ಬಗೆಯ ವಿಳಾಸ ಇಲ್ಲ. ರಿಫ್ಯೂಸ್ಡ್ ಎಂದರೆ ನೀನು ನನ್ನ ಗಿರಾಕಿಯಲ್ಲ. ಇಂಟರ್ನೆಟ್ ಕಂಪನಿ ಬದಲಿಸಿದ ಮೇಲೂ ಹಳೆಯ ಕಂಪನಿಯ ಡಿಎನ್‌ಎಸ್ ಅಂಕಿ ಉಳಿದುಕೊಂಡಿದ್ದರೆ ಬರುವುದು ಇದೇ. ಸರ್ವ್‌ಫೇಲ್ ಎಂದರೆ ಸರ್ವರ್ ವಿಚಾರಿಸಲು ಹೊರಟು ಕೈಚೆಲ್ಲಿ ಬಂದಿದೆ. ಆಗ ಡಿಗ್‌ಗೆ ಅಟ್ ಚಿಹ್ನೆಯ ಜೊತೆ 1.1.1.1 ಕೊಟ್ಟು ಕ್ಲೌಡ್‌ಫ್ಲೇರ್‌ನ ಬಾಯಿಂದಲೂ ಕೇಳಿ ನೋಡಿ. ಅಲ್ಲೂ ಅದೇ ಬಂದರೆ ತಪ್ಪು ನಿಮ್ಮದಲ್ಲ, ಕಾಫಿ ಕುಡಿಯಲು ಹೋಗಬಹುದು. 2021ರ ಅಕ್ಟೋಬರ್ 4ರ ರಾತ್ರಿ ನಮ್ಮಲ್ಲಿ ಒಂಬತ್ತರ ನಂತರ ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಆರು ಗಂಟೆಯಷ್ಟು ಕಾಲ ಮಲಗಿದಾಗ ಎಲ್ಲೆಡೆ ಬಂದದ್ದು ಸರ್ವ್‌ಫೇಲ್. ಅವರ ಡಿಎನ್‌ಎಸ್ ಸರ್ವರುಗಳಿಗೆ ಹೋಗುವ ದಾರಿಗಳೇ ಇಂಟರ್ನೆಟ್ಟಿನಿಂದ ಮಾಯವಾಗಿದ್ದವು. ಎಷ್ಟು ಜನ ಅವತ್ತು ತಮ್ಮ ರೂಟರ್ ಆಫ್ ಮಾಡಿ ಆನ್ ಮಾಡಿರಬಹುದು!

ವಿಂಡೋಸ್‌ನಲ್ಲಿ ಎನ್‌ಎಸ್‌ಲುಕಪ್ ಹೊಡೆದಾಗ ಮೊದಲ ಸಾಲಿನಲ್ಲಿ ಸರ್ವರ್ ಅನ್‌ನೋನ್ ಎಂದು ಬರುವುದು ಮಾತ್ರ ದೋಷವಲ್ಲ. ಡಿಎನ್‌ಎಸ್ ಸರ್ವರಿನ ಅಂಕಿಗೆ ಹೆಸರು ಸಿಗಲಿಲ್ಲ ಎಂದಷ್ಟೇ. ಅದನ್ನು ಸರಿಪಡಿಸಲು ದಿನವಿಡೀ ಒದ್ದಾಡಿದವರನ್ನು ಕಂಡಿದ್ದೇನೆ.

ಹೊಸ ಹೆಸರು ಹಾಕಿದಾಗ "48 ಗಂಟೆ ಕಾಯಿರಿ, ಪ್ರೊಪಗೇಟ್ ಆಗಬೇಕು" ಎನ್ನುತ್ತಾರೆ. ಯಾವುದೂ ಎಲ್ಲಿಗೂ ಹರಿದು ಹೋಗುವುದಿಲ್ಲ; ಅಲ್ಲಲ್ಲಿ ನೆನಪಿಟ್ಟುಕೊಂಡ ಹಳೆಯ ಉತ್ತರಗಳು ಮುಪ್ಪಾಗಿ ಸಾಯಬೇಕು ಅಷ್ಟೆ. ಡಿಗ್‌ನ ಉತ್ತರದಲ್ಲಿ ಹೆಸರಿನ ಪಕ್ಕದ ಅಂಕಿಯೇ ಉಳಿದ ಆಯುಸ್ಸು, ಸೆಕೆಂಡುಗಳಲ್ಲಿ. ಮತ್ತೆ ಮತ್ತೆ ಹೊಡೆದರೆ ಅದು ಇಳಿಯುವುದನ್ನು ನೋಡಬಹುದು. "ಇಲ್ಲ" ಎಂಬ ಉತ್ತರಕ್ಕೂ ಇಂಥ ಆಯುಸ್ಸು ಇದೆ. ಹಾಗಾಗಿ ಹೆಸರು ಹುಟ್ಟುವ ಮೊದಲೇ ಬಂತಾ ಬಂತಾ ಎಂದು ತೆರೆದು ನೋಡಬೇಡಿ. ನಿಮ್ಮ ಆತುರದಿಂದ ಸರ್ವರ್ "ಇಲ್ಲ" ಎಂಬುದನ್ನೇ ಬಾಯಿಪಾಠ ಮಾಡಿಕೊಳ್ಳುತ್ತದೆ. ನಿಮ್ಮ ಯಂತ್ರದ ನೆನಪನ್ನಾದರೆ ನೀವೇ ಅಳಿಸಬಹುದು: ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ ಸ್ಲ್ಯಾಷ್ ಫ್ಲಷ್‌ಡಿಎನ್‌ಎಸ್, ಉಬುಂಟುವಿನಲ್ಲಿ ರಿಸಾಲ್ವ್‌ಸಿಟಿಎಲ್ ಫ್ಲಷ್-ಕ್ಯಾಶಸ್.

ರೂಟ್ ಆಗಿ ಹೊಡೆದರೆ ಹೆಸರು ಸಿಗುತ್ತದೆ, ಸಾಮಾನ್ಯ ಬಳಕೆದಾರನಿಗೆ ಸಿಗುವುದಿಲ್ಲ ಎಂಬ ವಿಚಿತ್ರ ದೂರು ಬಂದರೆ ಮಂತ್ರ ತಂತ್ರ ಬೇಡ. ರಿಸಾಲ್ವ್.ಕಾನ್ಫ್‌ನ ಅನುಮತಿ ನೋಡಿ. ಅದು 600 ಆಗಿದ್ದರೆ ರೂಟ್ ಬಿಟ್ಟು ಬೇರೆಯವರು ಅದನ್ನು ಓದಲಾರರು. ಓದಲಾಗದವನು ತನ್ನದೇ ಯಂತ್ರವನ್ನು, ಅಂದರೆ 127.0.0.1ನ್ನು ಕೇಳಿ ಬರಿಗೈಲಿ ಬರುತ್ತಾನೆ. 644 ಮಾಡಿದರೆ ಮುಗಿಯಿತು.

ಕೊನೆಯದಾಗಿ ನನ್ನನ್ನು ಅತಿ ಹೆಚ್ಚು ಸತಾಯಿಸಿದ ಯಂತ್ರ. ರಾತ್ರಿ ಕರೆಂಟು ಹೋಗಿ ಬಂದ ಮರುದಿನ ಅದಕ್ಕೆ ಅನೇಕ ಹೆಸರುಗಳು ಸಿಗುತ್ತಿರಲಿಲ್ಲ, ಕೆಲವು ಸಿಗುತ್ತಿದ್ದವು. ಬೇರೆ ಯಂತ್ರಗಳೆಲ್ಲ ಸರಿ. ಅದರಲ್ಲಿ ನಾನೇ ಉತ್ಸಾಹದಿಂದ ಡಿಎನ್‌ಎಸ್‌ಸೆಕ್ ಪರಿಶೀಲನೆ ಹಾಕಿದ್ದೆ; ಸಹಿ ಇರುವ ಹೆಸರಿನ ಉತ್ತರ ಬಂದಾಗ ಸಹಿಯ ತಾರೀಖು ನೋಡಿ ಒಪ್ಪುವ ವ್ಯವಸ್ಥೆ ಅದು. ಸಹಿ ಇಲ್ಲದ ಹೆಸರುಗಳು ಮಾತ್ರ ದಾಟಿ ಬರುತ್ತಿದ್ದವು. ಮದರ್‌ಬೋರ್ಡಿನ ಗುಂಡಿ ಬ್ಯಾಟರಿ, ಸಿಆರ್2032, ಸತ್ತಿತ್ತು. ಯಂತ್ರದ ಪ್ರಕಾರ ಅವತ್ತು ಹಲವು ವರ್ಷ ಹಿಂದಿನ ಜನವರಿ ಒಂದು. ಅಷ್ಟು ಹಿಂದೆ ನಿಂತು ನೋಡಿದರೆ ಇಂದಿನ ಸಹಿಗಳೆಲ್ಲ ಇನ್ನೂ ಹುಟ್ಟೇ ಇಲ್ಲದವು. ಗಡಿಯಾರ ತಾನಾಗಿ ಸರಿಯಾಗಬೇಕಾದರೆ ಸಮಯದ ಸರ್ವರನ್ನು ಕೇಳಬೇಕು, ಅದನ್ನು ಹೆಸರಿನಿಂದ ಹುಡುಕಬೇಕು, ಅದರ ಹೆಸರಿಗೂ ಸಹಿ ಇತ್ತು. ಗೋಡೆ ಗಡಿಯಾರ ನೋಡಿ ಕೈಯಾರೆ ತಾರೀಖು, ಗಂಟೆ ಹೊಡೆದೆ. ಮೇಲ್‌ಗಳು ದಡದಡ ಇಳಿಯತೊಡಗಿದವು. ಆಮೇಲೆ ಪಕ್ಕದ ವಾಚ್ ರಿಪೇರಿ ಅಂಗಡಿಗೆ ಹೋಗಿ ಸೆಲ್ ತಂದೆ.